ಎರಡು ಮೂರರ ನಡುವಿನ ಪುಸ್ತಕ

ನನ್ನ ಹತ್ತಿರ ಒಂದು ಇಂಗ್ಲಿಷ್ ಕಾದಂಬರಿ ಇದೆ. ಅದರ ಮೊದಲ ಪುಟವನ್ನು ನೂರು ಸಲವಾದರೂ ಓದಿದ್ದೇನೆ. ಎರಡನೇ ಪುಟವನ್ನು ಒಂದು ಸಲವೂ ಓದಿಲ್ಲ. ಕೇಳಿದವರು ಇವಳಿಗೆ ತಲೆ ನೆಟ್ಟಗಿಲ್ಲ ಅನ್ನುತ್ತಾರೆ, ಅನ್ನಲಿ. ಅದನ್ನು ಓದಬಾರದೆಂದು ಹಟ ಹಿಡಿದವಳು ನಾನಲ್ಲ, ನನ್ನ ತಂಗಿ. ಆ ಹಟವನ್ನು ನಾನು ಬಿಟ್ಟುಕೊಡದೆ ಇಟ್ಟುಕೊಂಡಿದ್ದೇನೆ, ಅಷ್ಟೆ.

ತಂಗಿ ಎಂದರೆ ಒಡಹುಟ್ಟಿದವಳಲ್ಲ, ಚಿಕ್ಕಪ್ಪನ ಮಗಳು. ನನಗಿಂತ ಮೂರು ವರ್ಷ ಚಿಕ್ಕವಳು. ಚಿಕ್ಕಪ್ಪ ಚಿಂತಾಮಣಿಯಲ್ಲಿ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದರು, ಮಗಳು ಅಲ್ಲೇ ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋಗುತ್ತಿದ್ದಳು. ನಮ್ಮದು ದಿಬ್ಬೂರಹಳ್ಳಿ ಹತ್ತಿರದ ಊರು. ಹಿಪ್ಪುನೇರಳೆ ತೋಟ, ರೇಷ್ಮೆ ಹುಳ, ಅಪ್ಪ, ಅಮ್ಮ, ನಾನು. ದಸರೆಗೂ ಬೇಸಿಗೆಗೂ ಶಾಲೆಗೆ ರಜೆ ಬಿಟ್ಟ ಮಾರನೇ ದಿನವೇ ಅವಳು ನಮ್ಮ ಮನೆಗೆ ಬಂದುಬಿಡುತ್ತಿದ್ದಳು. ಬರುವಾಗ ಚೀಲದಲ್ಲಿ ಬಟ್ಟೆಗಿಂತ ಪುಸ್ತಕವೇ ಹೆಚ್ಚು. ಅಮ್ಮ ಚೀಲ ಎತ್ತಿ ನೋಡಿ, "ಏನ್ ತಾಯಿ, ಕಲ್ಲು ತುಂಬ್ಕೊಂಡ್ ಬಂದಿದೀಯಾ?" ಅನ್ನುತ್ತಿದ್ದಳು.

ಏಳೆಂಟು ವರ್ಷದವಳಿದ್ದಾಗ ಅವಳಿಗೆ ಕೀಲುಗಳು ಊದಿಕೊಳ್ಳುವ ಕಾಯಿಲೆ ಬಂದಿತ್ತು. ಅದು ವಾಸಿಯಾಯಿತು, ಆದರೆ ಹೋಗುವಾಗ ಎದೆಯೊಳಗಿನ ಒಂದು ವಾಲ್ವನ್ನು ಕೆಡಿಸಿಬಿಟ್ಟು ಹೋಯಿತು. ಓಡುವಂತಿಲ್ಲ, ಭಾರ ಎತ್ತುವಂತಿಲ್ಲ. ಬೆಳೆದ ಮೇಲೆ ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಬೇಕು ಎಂದು ಡಾಕ್ಟರು ಹೇಳಿದ್ದರು. ಆದ್ದರಿಂದ ನಾನು ತೋಟದಲ್ಲಿ ಸೊಪ್ಪು ಕೊಯ್ಯುವಾಗ ಅವಳು ಬದುವಿನ ಮೇಲೆ ಕುಳಿತು ಕಥೆ ಓದುವುದು, ಕನ್ನಡದಲ್ಲಿ ನನಗೆ ಹೇಳುವುದು. ನನ್ನ ಇಂಗ್ಲಿಷ್ ಆಗ ದೇವರಿಗೇ ಪ್ರೀತಿ.

ಚಿಕ್ಕಪ್ಪ ಬೆಂಗಳೂರಿನ ಫುಟ್‌ಪಾತ್ ಮೇಲಿಂದ ತಂದಿದ್ದ ಮೂರು ಹಳೆ ಪುಸ್ತಕಗಳು ಅವು. ಒಂದೇ ಕಥೆಯ ಮೂರು ಭಾಗ. ಹಿಮ ಬೀಳುವ ನಾಡು, ರೆಕ್ಕೆ ಇರುವ ಕಿನ್ನರಿಯರು, ಅವರಲ್ಲಿ ಒಬ್ಬಳು ಅಕ್ಕ, ಒಬ್ಬಳು ತಂಗಿ. ತಂಗಿಗೆ ಹುಟ್ಟಿದಾಗಿನಿಂದ ರೆಕ್ಕೆ ಬಲಿತಿಲ್ಲ, ಅಕ್ಕನೇ ಹೊತ್ತುಕೊಂಡು ಹಾರುತ್ತಾಳೆ. ಇವಳಿಗೆ ಇಂಥ ಕಥೆಯೇ ಸಿಗಬೇಕಿತ್ತೇ ಎಂದು ನನಗೆ ಮೊದಲಿಗೆ ಸಿಟ್ಟು ಬಂದಿತ್ತು. ಅವಳಿಗೆ ಮಾತ್ರ ಹಾಗೇನೂ ಇಲ್ಲ. ಕಿನ್ನರಿ ತಂಗಿ ಮೊಂಡಾಟ ಮಾಡಿದ ಕಡೆಯೆಲ್ಲ ಪುಸ್ತಕ ಮಡಿಲಲ್ಲಿಟ್ಟುಕೊಂಡು, "ಸರಿಯಾಗ್ ಮಾಡಿದ್ಲು ಕಣಕ್ಕ!" ಎಂದು ಚಪ್ಪಾಳೆ ಹೊಡೆಯುತ್ತಿದ್ದಳು.

ಎರಡನೇ ಪುಸ್ತಕ ಮುಗಿದದ್ದು ಒಂದು ದಸರೆ ರಜೆಯಲ್ಲಿ. ಹಿಂದೆ ಅಟ್ಟಿಸಿಕೊಂಡು ಬರುವ ವೈರಿಗಳು, ಮುಂದೆ ಹೆಪ್ಪುಗಟ್ಟಿದ ಕೆರೆ, ಅಕ್ಕನಿಗೆ ಹಾರಿ ಹಾರಿ ರೆಕ್ಕೆ ಸೋತಿದೆ. ಅಕ್ಕತಂಗಿ ಕೈ ಹಿಡಿದುಕೊಂಡು ಮಂಜುಗಡ್ಡೆಯ ಮೇಲೆ ಕಾಲಿಡುತ್ತಾರೆ. ಅಲ್ಲಿಗೆ ಮುಗಿಯಿತು. ನಾನು ಸೊಪ್ಪಿನ ಹೊರೆ ಕೆಳಗಿಟ್ಟು, "ಮೂರನೇದು ತೆಗಿಯೇ ಬೇಗ" ಎಂದೆ. ಅವಳು ಮೂರನೇ ಪುಸ್ತಕ ತೆರೆದು ಮೊದಲ ಪುಟ ಓದಿದಳು. ಅಕ್ಕ ಕಿನ್ನರಿ ಮನುಷ್ಯರ ಊರಿನಲ್ಲಿ, ಒಂದು ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದಾಳೆ. ಕೋಟಿನೊಳಗೆ ಒಂದೇ ರೆಕ್ಕೆ ಬಚ್ಚಿಟ್ಟುಕೊಂಡಿದ್ದಾಳೆ. ಒಬ್ಬಳೇ ಇದ್ದಾಳೆ. ತಂಗಿಯ ಸುದ್ದಿಯೇ ಇಲ್ಲ.

"ಇದೇನೇ ಇದು? ತಂಗಿ ಎಲ್ಲಿ?" ಎಂದೆ.

ಅವಳು ಪುಟ ಹಿಂದಕ್ಕೆ ತಿರುಗಿಸಿ, ಆ ಲೇಖಕಿಯ ಪುಸ್ತಕಗಳ ಪಟ್ಟಿಯ ಮೇಲೆ ಬೆರಳಿಟ್ಟಳು. ಎರಡಕ್ಕೂ ಮೂರಕ್ಕೂ ನಡುವೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಹೆಸರಿತ್ತು. ನಡುವಿನ ಪುಟ್ಟ ಕಾದಂಬರಿ. ಕೆರೆಯ ಮೇಲೆ ಏನಾಯಿತು ಎನ್ನುವುದೆಲ್ಲ ಅದರಲ್ಲಿದೆ. ಅದು ನಮ್ಮ ಹತ್ತಿರ ಇಲ್ಲ. ಆ ಲೇಖಕಿಯನ್ನು ನಾನು ಅವತ್ತು ಬೈದ ಬೈಗುಳ ಇಲ್ಲಿ ಬರೆಯುವಂತಿಲ್ಲ. ಕಥೆ ಹೇಳಲು ಕುಳಿತವರು ನೆಟ್ಟಗೆ ಹೇಳಬಾರದೇ? ತಂಗಿ ಮೂರನೇ ಪುಸ್ತಕ ಮುಚ್ಚಿ ಚೀಲದೊಳಗೆ ಇಟ್ಟಳು. "ಮಧ್ಯದ್ದು ಸಿಗೋವರ್ಗೂ ನಾನಿದನ್ನ ಓದಲ್ಲ. ನೀನೂ ಓದ್ಬೇಡ. ಚಿಕ್ಕವಳು ಏನಾದ್ಲು ಅಂತ ಗೊತ್ತಾಗ್ದೆ ಮುಂದಕ್ಕೆ ಹೋಗೋದು ತಪ್ಪಕ್ಕ" ಅಂದಳು.

ಹುಡುಕಿದೆವು. ಚಿಂತಾಮಣಿಯ ಲೈಬ್ರರಿಯಲ್ಲಿ ಕೇಳಿದರೆ ಅಲ್ಲಿದ್ದವರು ನಮ್ಮ ಮುಖವನ್ನೇ ನೋಡಿದರು. ಚಿಕ್ಕಪ್ಪ ಬೆಂಗಳೂರಿಗೆ ಹೋದಾಗಲೆಲ್ಲ ಅದೇ ಫುಟ್‌ಪಾತಿಗೆ ಹೋಗಿ ಬರಿಗೈಯಲ್ಲಿ ಬಂದರು. ನಾನು ಆಗ ಶಿಡ್ಲಘಟ್ಟದಲ್ಲಿ ಪಿಯುಸಿಗೆ ಸೇರಿದ್ದೆ. ಬಸ್‌ಸ್ಟ್ಯಾಂಡ್ ಹತ್ತಿರದ ಸೈಬರ್ ಸೆಂಟರಿನಲ್ಲಿ ಇಬ್ಬರೂ ಒಂದೇ ಕುರ್ಚಿಯಲ್ಲಿ ಒತ್ತಿಕೊಂಡು ಕುಳಿತು ಹೆಸರು ಒತ್ತಿದೆವು. ಪುಸ್ತಕದ ಮುಖಪುಟ ಮೇಲಿನಿಂದ ಚೂರು ಚೂರೇ ಇಳಿಯಿತು. ಆಕಾಶ ಬಂತು, ಒಂದು ತಲೆ ಬಂತು, ಅಲ್ಲಿಗೆ ನಿಂತುಹೋಯಿತು. ಒಂದು ತಲೆಯೋ ಎರಡೋ ಗೊತ್ತಾಗಲಿಲ್ಲ. ಅಷ್ಟರಲ್ಲಿ ಕರೆಂಟ್ ಹೋಯಿತು.

ಹೊರಗೆ ಬಂದು ಕಬ್ಬಿನ ಹಾಲು ಕುಡಿಯುವಾಗ ಅವಳು ಅಂದಳು, "ಅಕ್ಕ, ನೀನೇ ಬರಿ."

"ನಾನಾ? ನಂಗೇನ್ ಗೊತ್ತೇ ಕಿನ್ನರಿ ವಿಷ್ಯ?"

"ಆ ಬರೆದೋಳೇನು ಕಿನ್ನರೀನ ನೋಡಿದ್ಲಾ? ಬರಿ. ಎರಡೇ ಕಂಡೀಷನ್ನು. ಚಿಕ್ಕವಳನ್ನ ಸಾಯಿಸ್ಬಾರ್ದು. ಆದ್ರೆ ಸುಳ್ಳೂ ಬರೀಬಾರ್ದು. ಕೊನೇಗೆ ಹೇಗೂ ಮೂರನೇ ಪುಸ್ತಕದ ಫಸ್ಟ್ ಪೇಜಿಗೆ ಕರೆಕ್ಟಾಗಿ ಬಂದು ಸೇರ್ಕೋಬೇಕು."

ಅಕ್ಕನಿಗೆ ಒಂದೇ ರೆಕ್ಕೆ ಉಳಿದಿರಬೇಕು, ತಂಗಿ ಜೊತೆಯಲ್ಲಿ ಇರಬಾರದು, ಆದರೂ ಸತ್ತಿರಬಾರದು. ಅದು ಸುಳ್ಳಾಗಿಯೂ ಇರಬಾರದು. ಒಳ್ಳೆ ಫಜೀತಿ. ಆದರೂ ನಾನು ಇನ್ನೂರು ಪುಟದ ಒಂದು ನೋಟ್‌ಬುಕ್ ಕೊಂಡೆ.

ಶನಿವಾರ ಬೆಳಗಿನ ಕಾಲೇಜು ಮುಗಿಸಿ ನೇರ ಚಿಂತಾಮಣಿ ಬಸ್ಸು ಹತ್ತುವುದು, ಆ ವಾರ ಬರೆದ ಅಧ್ಯಾಯವನ್ನು ಅವಳಿಗೆ ಓದಿ ಹೇಳುವುದು, ಭಾನುವಾರ ಊರಿಗೆ ಹಿಂತಿರುಗುವುದು. ಇದು ಆ ವರ್ಷದ ನನ್ನ ಸುಖ. ಅವಳು ಕೇಳುವವಳೋ, ಪೊಲೀಸಿನವಳೋ! "ಹಿಮ ಅಂದ್ರೆ ಏನಂತ ಗೊತ್ತಾ ನಿಂಗೆ? ಐಸ್‌ಕ್ಯಾಂಡಿ ಡಬ್ಬ ಬಿಟ್ಟು ಇನ್ನೇನ್ ನೋಡಿದೀಯ?" "ಕಿನ್ನರೀರು ಮುದ್ದೆ ತಿಂತಾರಾ? ಅದೂ ಅವರೆಕಾಳು ಸಾರಲ್ಲಿ?" ಎಂದು ಹೊಟ್ಟೆ ಹಿಡಿದುಕೊಂಡು ನಗುವಳು. ನಗುತ್ತಾ ನಗುತ್ತಾ ಉಸಿರು ಸಿಕ್ಕಿಕೊಂಡು ಗೋಡೆಗೆ ಒರಗುವಳು. ಚಿಕ್ಕಮ್ಮ ಅಡುಗೆಮನೆಯಿಂದ ಓಡಿ ಬಂದು ನನ್ನನ್ನು ಬೈಯುವಳು. ಉಸಿರು ಸರಿಹೋದ ಮೇಲೆ ಅವಳದು ಒಂದೇ ಮಾತು, "ಮುದ್ದೆ ಇರ್ಲಿ ಬಿಡು. ತೆಗೀಬೇಡ."

ನನ್ನ ಕಥೆಯಲ್ಲಿ ಹೆಪ್ಪುಗಟ್ಟಿದ ಕೆರೆಯ ಆಚೆ ದಡದಲ್ಲಿ ಒಂದು ಗುಹೆ. ಅಲ್ಲಿ ಅಕ್ಕ ಕಿನ್ನರಿ ಬೆಳ್ಳಿ ನೂಲು ಕೊಡುವ ಹುಳಗಳನ್ನು ಸಾಕುತ್ತಾಳೆ. ನನಗೆ ಬೇರೇನು ಗೊತ್ತಿತ್ತು? ಆ ನೂಲಿನಿಂದ ತಂಗಿಗೆ ಹೊಸ ರೆಕ್ಕೆ ನೇಯಬೇಕು. ನಡುದಾರಿಯಲ್ಲೇ ಸುಸ್ತಾಗಿ ಹಿಂತಿರುಗಿದ ತಂಗಿ ಕೆರೆಯ ಈಚೆ ದಡದಲ್ಲಿ, ಒಬ್ಬ ಮುದುಕಿಯ ಮನೆಯಲ್ಲಿ ಮಲಗಿ ಕಾಯುತ್ತಿದ್ದಾಳೆ. ಹನ್ನೊಂದು ಅಧ್ಯಾಯ ಹೀಗೆ ಬಂತು. ಹನ್ನೆರಡನೆಯದು ಕೊನೆಯದು. ಅದೊಂದೇ ಬಾಕಿ. ನೋಟ್‌ಬುಕ್ಕನ್ನು ಅವಳು ತನ್ನ ಹತ್ತಿರವೇ ಇಟ್ಟುಕೊಂಡಳು. "ಕೊನೇದನ್ನ ಬಿಡಿ ಹಾಳೇಲಿ ಬರ್ಕೊಂಡ್ ಬಾ, ನಾನೇ ಅಂಟಿಸ್ತೀನಿ" ಅಂದಳು.

ಇಲ್ಲಿ ನಮ್ಮ ಮನೆಯ ಒಂದು ನಿಯಮವನ್ನು ಹೇಳಲೇಬೇಕು. ರೇಷ್ಮೆ ಹುಳ ಬಹಳ ಸೂಕ್ಷ್ಮ. ಹುಳದ ಮನೆಯ ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ಕಲಸಿದ ನೀರಿರುತ್ತದೆ, ಕಾಲು ತೊಳೆಯದೆ ಯಾರೂ ಒಳಗೆ ಹೋಗುವಂತಿಲ್ಲ. ಹೊರಗಿನವರನ್ನಂತೂ ಬಿಡುವುದೇ ಇಲ್ಲ. ಕಾಯಿಲೆಯವರ ಮನೆಗೆ, ಆಸ್ಪತ್ರೆಗೆ, ಸಾವಿನ ಮನೆಗೆ ಹೋಗಿ ಬಂದವರು ಹುಳ ಮುಟ್ಟಬಾರದು. ಹಿಂದಿನ ವರ್ಷ ತಂಗಿಯನ್ನು ಎರಡು ದಿನ ಆಸ್ಪತ್ರೆಗೆ ಸೇರಿಸಿದ್ದಾಗ ನಾನು ನೋಡಿಕೊಂಡು ಬಂದು, ಅದೇ ಬಟ್ಟೆಯಲ್ಲಿ ಹುಳಕ್ಕೆ ಸೊಪ್ಪು ಹಾಕಿದ್ದೆ. ಒಂದೇ ವಾರದಲ್ಲಿ ಹಾಲು ರೋಗ ಬಿದ್ದು ಹುಳವೆಲ್ಲ ಊದಿಕೊಂಡು ಒಡೆದವು. ಅಪ್ಪ ಗುಂಡಿ ತೋಡಿ ತಟ್ಟೆ ತಟ್ಟೆ ಹುಳವನ್ನು ಸುರಿದು ಮಣ್ಣು ಮುಚ್ಚಿದರು. ನನ್ನಿಂದಲೇ ಆಯಿತೋ, ಸೊಪ್ಪು ಒದ್ದೆಯಿತ್ತೋ, ಯಾರು ಬಲ್ಲರು? ಅಮ್ಮ ಅವತ್ತು ನನಗೆ ಒಂದು ಮಾತೂ ಬೈಯಲಿಲ್ಲ. ಅದೇ ನನಗೆ ಜಾಸ್ತಿ ಚುಚ್ಚಿತು. ಹುಳ ಇರುವಾಗ ಇನ್ನು ಆಸ್ಪತ್ರೆಯ ಕಡೆ ತಲೆ ಹಾಕುವುದಿಲ್ಲ ಎಂದು ನಾನೇ ಹೇಳಿದೆ.

ಶಿವರಾತ್ರಿ ಕಳೆದು ಸ್ವಲ್ಪ ದಿನವಾಗಿತ್ತು. ಹುಳ ನಾಲ್ಕನೇ ಸಲ ಪೊರೆ ಬಿಟ್ಟು ಎದ್ದಿತ್ತು. ಎದ್ದ ಮೇಲೆ ಒಂದು ವಾರ ಅವುಗಳ ಹಸಿವು ಹೇಳತೀರದು. ಎಷ್ಟು ಸೊಪ್ಪು ಸುರಿದರೂ ಸಾಲದು, ಮನೆಯವರಿಗೆ ಕೂರಲು ಬಿಡುವಿಲ್ಲ. ಎರಡನೇ ದಿನ ಮಧ್ಯಾಹ್ನ ಫೋನು ಬಂತು. ಚಿಕ್ಕಪ್ಪ. ತಂಗಿಗೆ ಉಸಿರಾಟ ಕಷ್ಟವಾಗಿ ಚಿಂತಾಮಣಿಯಲ್ಲೇ ಆಸ್ಪತ್ರೆಗೆ ಸೇರಿಸಿದ್ದಾರೆ. ಸ್ವಲ್ಪ ಸುಧಾರಿಸಿದ ಮೇಲೆ ಬೆಂಗಳೂರಿಗೆ ಕರೆದುಕೊಂಡು ಹೋಗಿ ಆಪರೇಷನ್. "ಗಾಬರಿ ಏನಿಲ್ಲಮ್ಮ, ನಿನ್ ಜೊತೆ ಮಾತಾಡ್ಬೇಕಂತೆ, ತಗೋ" ಎಂದು ಮೊಬೈಲನ್ನು ಅವಳಿಗೆ ಕೊಟ್ಟರು.

"ಅಕ್ಕ, ಹನ್ನೆರಡನೇದು ಆಯ್ತಾ?"

"ಆಗ್ತಾ ಇದೆ ಕಣೇ."

"ಬೆಂಗ್ಳೂರಿಗೆ ಹೋಗೋಕ್ ಮುಂಚೆ ತಗೊಂಡ್ ಬಾ. ಚಿಕ್ಕವಳು ಏನಾದ್ಲು ಅಂತ ಗೊತ್ತಾಗ್ಬಿಟ್ರೆ ನಾನು ಆರಾಮಾಗಿ ಆಪರೇಷನ್‌ಗೆ ಹೋಗ್ತೀನಿ. ಬರ್ತೀಯಾ?"

ನನ್ನ ಕೈ ತುಂಬ ಸೊಪ್ಪಿನ ಹಾಲು ಅಂಟಿತ್ತು. ಹಿಂದೆ ಅಮ್ಮ ತಟ್ಟೆ ಇಳಿಸು ಬಾರೇ ಎಂದು ಕೂಗುತ್ತಿದ್ದಳು. ನನಗೆ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. ಅಂದುಬಿಟ್ಟೆ, "ಹುಳ ಎದ್ದಿದೆ ಕಣೇ! ಈಗ ಬಿಟ್ಟು ಬಂದ್ರೆ ಈ ಹುಳ ಮತ್ತೆ ಸಿಗುತ್ತಾ? ಐದಾರು ದಿನ ತಡಿ, ಹುಳ ಹಣ್ಣಾಗಿ ಗೂಡು ಕಟ್ಟೋಕ್ ಶುರು ಮಾಡ್ಲಿ, ಬರ್ತೀನಿ."

ಅವಳು, "ಸರಿ ಅಕ್ಕ. ನಿಧಾನಕ್ಕೆ ಬಾ" ಅಂದಳು.

ಹುಳದ ಮೇಲೆ, ಅಮ್ಮನ ಮೇಲೆ ಹಾಕಿ ಕೂತುಬಿಟ್ಟರೆ ನನಗೆ ಸುಲಭ. ಹಾಗೆ ಮಾಡಲಾರೆ, ಯಾಕೆಂದರೆ ಅದು ನಿಜವಲ್ಲ. ನಾಲ್ಕನೇ ದಿನ ಬೆಳಿಗ್ಗೆ ಸೊಪ್ಪು ಹಾಕುತ್ತಾ ಹಾಕುತ್ತಾ ಅಮ್ಮ ಕೈ ನಿಲ್ಲಿಸಿ ಅಂದಳು, "ಹೋಗ್ ಬಾರೇ. ಮಗು ಕೇಳಿದೆ. ಬಂದ್ಮೇಲೆ ನೀನು ಹುಳದ ಮನೆ ಕಡೆ ಬರ್ಬೇಡ, ಅಷ್ಟೇ ತಾನೆ? ನಾನೂ ನಿಮ್ಮಪ್ಪನೂ ಹೇಗೋ ತೂಗ್ಸ್ಕೋತೀವಿ."

ನಾನು ಹೋಗಲಿಲ್ಲ. "ಇಬ್ರಿಂದ ಎಲ್ಲಾಗುತ್ತೆ?" ಎಂದು ಅಮ್ಮನಿಗೇ ತಿರುಗಿಸಿ ಹೇಳಿದೆ. ನಿಜ ಏನೆಂದರೆ ನನ್ನ ಕೈಯಲ್ಲಿ ಹನ್ನೆರಡನೇ ಅಧ್ಯಾಯ ಇರಲಿಲ್ಲ. ಬಿಡಿ ಹಾಳೆಯಲ್ಲಿ ಎರಡು ಸಾಲು ಬರೆದಿದ್ದೆ, ಎರಡನ್ನೂ ಹೊಡೆದುಹಾಕಿದ್ದೆ. ತಂಗಿಯನ್ನು ಸಾಯಿಸದೆ, ಸುಳ್ಳು ಹೇಳದೆ, ಅಕ್ಕನನ್ನು ಆ ಬೇಕರಿಗೆ ಹೇಗೆ ಒಬ್ಬಳೇ ಕಳಿಸುವುದು? ಬರಿಗೈಯಲ್ಲಿ ಹೋಗಿ ಅವಳ ಮುಖ ನೋಡುವುದಕ್ಕೆ ಧೈರ್ಯ ಸಾಲಲಿಲ್ಲ. ಹುಳ ಒಂದು ನೆಪ ಕೊಟ್ಟಿತು. ನಾನು ಆ ನೆಪವನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅವಳಿಗೆ ಬೇಕಾಗಿದ್ದದ್ದು ಅಧ್ಯಾಯವೋ ನಾನೋ ಎಂದು ಯೋಚಿಸುವಷ್ಟು ಬುದ್ಧಿ ನನಗೆ ಆಗ ಇರಲಿಲ್ಲ.

ಆರನೇ ದಿನ ಬೆಳಿಗ್ಗೆ ಮತ್ತೆ ಫೋನು ಬಂತು. ಅಪ್ಪ ಎತ್ತಿಕೊಂಡರು. ಆಮೇಲೆ ಫೋನಿಟ್ಟು, ಹುಳದ ಮನೆಯ ಬಾಗಿಲ ತನಕ ಬಂದು, ಒಳಗೆ ಕಾಲಿಡದೆ ಹೊಸಿಲ ಆಚೆಯೇ ನಿಂತರು. ಅವರು ಒಳಗೆ ಬಾರದಿದ್ದದ್ದನ್ನು ನೋಡಿಯೇ ನನಗೆ ಗೊತ್ತಾಯಿತು. ಒಂದೇ ಬಳಗದ ಸಾವು, ಮನೆಗೆ ಸೂತಕ. ಸೂತಕದವರು ಹುಳ ಮುಟ್ಟುವಂತಿಲ್ಲ. ಅಮ್ಮನ ಕೈಯಲ್ಲಿದ್ದ ಸೊಪ್ಪು ನೆಲದ ಮೇಲೆ ಬಿತ್ತು.

ಪಕ್ಕದ ತೋಟದ ದೊಡ್ಡಮ್ಮ, ನಮ್ಮ ಬಳಗದವರಲ್ಲ, ಹುಳದ ಕಾಲದಲ್ಲಿ ನಮ್ಮ ಅಂಗಳಕ್ಕೂ ಬಾರದವರು, ತಮ್ಮ ಸೊಸೆಯರನ್ನು ಕರೆದುಕೊಂಡು ಬಂದು ಬಾಗಿಲಲ್ಲಿ ಕಾಲು ತೊಳೆದುಕೊಂಡರು. "ಮೀರು ಪೋಂಡಮ್ಮಾ, ಹೋಗಿ. ಹುಳ ನಾವ್ ನೋಡ್ಕೋತೀವಿ" ಎಂದು ತೆಲುಗೂ ಕನ್ನಡವೂ ಬೆರೆಸಿ ಹೇಳಿ ಕಣ್ಣೊರೆಸಿಕೊಂಡರು. ನಾಲ್ಕು ದಿನ ನನ್ನನ್ನು ಅವಳ ಹತ್ತಿರ ಹೋಗಲು ಬಿಡದ ಹುಳವನ್ನು ಯಾರೋ ಒಂದು ನಿಮಿಷದಲ್ಲಿ ವಹಿಸಿಕೊಂಡರು. ಮೊದಲೇ ಕೇಳಿದ್ದರೂ ವಹಿಸಿಕೊಳ್ಳುತ್ತಿದ್ದರೋ ಏನೋ. ನಾನು ಯಾರನ್ನೂ ಕೇಳಿರಲಿಲ್ಲ.

ಚಿಂತಾಮಣಿಯ ಆ ಮನೆಯಲ್ಲಿ ಅವಳನ್ನು ನಡುಮನೆಯಲ್ಲಿ ಮಲಗಿಸಿದ್ದರು. ಅವಳ ಬಗ್ಗೆ ಅಷ್ಟು ಮಾತ್ರ ಬರೆಯುತ್ತೇನೆ.

ಆ ಸಲ ಗೂಡು ಬಂಗಾರದ ಹಾಗೆ ಬಂತು. ದೊಡ್ಡಮ್ಮನೂ ಸೊಸೆಯರೂ ಹಣ್ಣಾದ ಹುಳವನ್ನು ಒಂದೊಂದಾಗಿ ಆರಿಸಿ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯ ಮೇಲೆ ಬಿಟ್ಟಿದ್ದರು. ನಾವು ಹಿಂತಿರುಗುವ ಹೊತ್ತಿಗೆ ಬಿದಿರಿನ ಸುರುಳಿಗಳ ತುಂಬ ಗೂಡು ಕಟ್ಟಿಬಿಟ್ಟಿದ್ದವು. ಬಂದವರೆಲ್ಲ ಇಂಥ ಬೆಳೆ ಈ ವರ್ಷ ಊರಲ್ಲಿ ಯಾರಿಗೂ ಆಗಿಲ್ಲ ಅಂದರು. ನನಗೆ ಅದರ ಮೇಲೆ ಸೀಮೆಎಣ್ಣೆ ಸುರಿಯಬೇಕು ಅನ್ನಿಸಿತು. ಅಮ್ಮ ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ತುಂಬುವಾಗ ಒಂದೊಂದು ಚೀಲದ ಬಾಯಿ ಕಟ್ಟುತ್ತಲೂ ಅಳುತ್ತಿದ್ದಳು.

ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ಚಿಕ್ಕಮ್ಮ ನನ್ನನ್ನು ಒಳಗೆ ಕರೆದು ನೋಟ್‌ಬುಕ್ಕನ್ನೂ ಮೂರು ಪುಸ್ತಕಗಳನ್ನೂ ಕೊಟ್ಟಳು. "ಆಸ್ಪತ್ರೇಲಿ ಕೊನೆ ಎರಡು ದಿನ ಏನೋ ಗೀಚ್ತಾ ಇದ್ಲು. ಸುಸ್ತಾಗುತ್ತೆ ಬಿಡೇ ಅಂದ್ರೆ, ಅಕ್ಕಂಗೆ ಕೆಲ್ಸ ಜಾಸ್ತಿ ಇದೆ, ನಾನೇ ಮುಗಿಸ್ತೀನಿ ಅಂದ್ಲು" ಎಂದಳು. ಚಿಕ್ಕಮ್ಮನ ದನಿಯಲ್ಲಿ ನನ್ನ ಮೇಲೆ ಆಪಾದನೆ ಏನೂ ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ನನ್ನ ಹನ್ನೊಂದನೇ ಅಧ್ಯಾಯ ಮುಗಿದ ಪುಟದ ಮುಂದೆ ಅವಳ ಕೈಬರಹ ಶುರುವಾಗಿತ್ತು. ಇಂಗ್ಲಿಷ್ ಮೀಡಿಯಂನವಳು, ಕನ್ನಡ ಅಕ್ಷರ ದಪ್ಪ ದಪ್ಪ, ಸಾಲು ಕೆಳಕ್ಕೆ ಜಾರುತ್ತದೆ. ಎರಡೇ ಪುಟ. ಅದನ್ನು ನಾನು ಇಲ್ಲಿ ಅವಳು ಬರೆದ ಹಾಗೇ ಇಡುತ್ತೇನೆ.

"ಚಿಕ್ಕವಳು ಮುದುಕಿ ಮನೆಯಲ್ಲಿ ಮಲಗಿದ್ದಳು. ತುಂಬಾ ಚಳಿ ಇತ್ತು. ಮುದುಕಿ ಮುದ್ದೆ ಕೊಟ್ಟಳು, ಚಿಕ್ಕವಳು ತಿನ್ನಲಿಲ್ಲ. ಆಗ ಬಾಗಿಲು ತೆರೆಯಿತು. ದೊಡ್ಡವಳು ಕೆರೆ ದಾಟಿ ಓಡಿ ಬಂದಿದ್ದಳು. ಕಾಲು ಸಹ ತೊಳೆದಿರಲಿಲ್ಲ. ಕೈ ತುಂಬಾ ಸೊಪ್ಪಿನ ಹಾಲು ಅಂಟಿತ್ತು. ಚಿಕ್ಕವಳು ಕೇಳಿದಳು, ಅಕ್ಕ ನಿನ್ನ ಹುಳ? ದೊಡ್ಡವಳು ಹೇಳಿದಳು, ಹೋಗ್ಲಿ ಬಿಡೇ, ಹುಳ ಮತ್ತೆ ಸಿಗುತ್ತೆ. ಆಮೇಲೆ ಅವಳು ತನ್ನ ಒಂದು ರೆಕ್ಕೆ ಬಿಚ್ಚಿ ಚಿಕ್ಕವಳಿಗೆ ಹೊದಿಸಿದಳು. ಚಿಕ್ಕವಳಿಗೆ ಬೆಚ್ಚಗಾಯಿತು. ನೀನು ಇಲ್ಲೇ ಮಲಗಿರು, ನಾನು ಊರಿಗೆ ಹೋಗಿ ಕೆಲಸ ನೋಡುತ್ತೇನೆ ಎಂದು ದೊಡ್ಡವಳು ಹೇಳಿದಳು. ಚಿಕ್ಕವಳು ಸರಿ ಅಕ್ಕ ನಿಧಾನಕ್ಕೆ ಬಾ ಎಂದಳು."

ಎಷ್ಟು ಸರಿಯಾಗಿ ಬಂದು ಸೇರಿತ್ತು! ಒಂದೇ ರೆಕ್ಕೆ, ಬೇಕರಿ, ಒಬ್ಬಳೇ ಅಕ್ಕ, ಸಾಯದ ತಂಗಿ. ನನಗೆ ಎರಡು ತಿಂಗಳಾದರೂ ಬಿಡಿಸಲಾಗದ ಗಂಟನ್ನು ಅವಳು ಆಸ್ಪತ್ರೆಯ ಮಂಚದ ಮೇಲೆ ಎರಡು ಪುಟದಲ್ಲಿ ಬಿಡಿಸಿದ್ದಳು. ಕಂಡೀಷನ್ನು ಎರಡೂ ಅವಳದೇ. ಚಿಕ್ಕವಳನ್ನು ಸಾಯಿಸಬಾರದು ಎನ್ನುವುದನ್ನು ಅವಳು ಉಳಿಸಿಕೊಂಡಳು. ಸುಳ್ಳು ಬರೆಯಬಾರದು ಎನ್ನುವುದನ್ನು ಮುರಿದಳು, ಒಂದೇ ಒಂದು ಕಡೆ, ನನಗೋಸ್ಕರ.

ನಾನು ಬರಲಿಲ್ಲ ಕಣೇ. ಬಾಗಿಲು ತೆರೆದು ಬಂದವಳು ನಾನಲ್ಲ.